ಮಹಡಿಯ ಕೋಣೆ: ವಿಜಯನಗರದಿಂದ ತೋಟದಪ್ಪನವರ ಛತ್ರದವರೆಗೆ

ಬೆಂಗಳೂರಿನ ಪಡುವಣ ಭಾಗದಲ್ಲಿರುವ ವಿಜಯನಗರದಲ್ಲಿ ನಾವು ನೆಲೆಸಿ ಮೂವತ್ತು ವರ್ಷಗಳು ಸಂದಿವೆ. ಒಂದು ಕಡೆ ಮಾಗಡಿ ರಸ್ತೆ, ಇನ್ನೊಂದು ಕಡೆ ಮೈಸೂರು ರಸ್ತೆ. ನಡುವೆ ಮಾರುತಿ ಮಂದಿರ, ಹಂಪಿನಗರ, ಹೊಸಹಳ್ಳಿ, ಅತ್ತಿಗುಪ್ಪೆ. ತುಮಕೂರು, ಹಾಸನ, ಮಂಡ್ಯ ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಬಂದು, ಮೊದಲು ಬಾಡಿಗೆಗೆ ನಿಂತು, ಬಳಿಕ ಮೂವತ್ತು ನಲವತ್ತರ ನಿವೇಶನವೊಂದನ್ನು ಹೇಗೋ ಮಾಡಿಕೊಂಡು, ಅದರ ಮೇಲೊಂದು ಮನೆ, ಮನೆಯ ಮೇಲೊಂದು ಕೋಣೆ ಎಬ್ಬಿಸಿದವರ ಬಡಾವಣೆಯಿದು. ನಾವೂ ಅವರಲ್ಲೊಬ್ಬರು. ಇಲ್ಲಿಯ ಪ್ರತಿ ಮನೆಯ ಗೋಡೆಯಲ್ಲೂ ಯಾವುದೋ ಹಳ್ಳಿಯ ಮಾರಿದ ಗದ್ದೆಯ ಮಣ್ಣು ಸೇರಿದೆ ಎಂದರೆ ಅತಿಶಯೋಕ್ತಿಯಾಗದು.

ನಮ್ಮ ಮನೆಯ ಮಹಡಿಯ ಮೇಲೆಯೂ ಒಂದು ಕೋಣೆಯಿದೆ. ಈ ಬರಹ ಹುಟ್ಟಿದ್ದು ಅದರಿಂದ.

2024ರ ಜೂನ್ ತಿಂಗಳಿನಲ್ಲಿ ಗುಬ್ಬಿ ಸೀಮೆಯಿಂದ ನಮ್ಮ ದೊಡ್ಡಪ್ಪನ ಕಡೆಯವಳು, ವರಸೆಯಲ್ಲಿ ತಂಗಿಯಾಗಬೇಕಾದವಳು, ಬೆಳಗಿನ ರೈಲಿಗೆ ಬಂದಿಳಿದಳು. ಕೈಯಲ್ಲೊಂದು ಚೀಲ, ಅದರಲ್ಲಿ ಐದು ಸೇರು ರಾಗಿ ಹಿಟ್ಟು, ಒಂದು ಗಂಟು ಹುರುಳಿಕಾಳು. ಹಿಂದಿನ ವರ್ಷ ಮಳೆ ಕೈಕೊಟ್ಟು ಅವರ ಹೊಲದಲ್ಲಿ ರಾಗಿ ಅರೆಪಾಲೂ ಬಂದಿರಲಿಲ್ಲವೆಂಬುದು ನಮಗೆ ತಿಳಿದಿತ್ತು. ಮಗನಿಗೆ ರಾಜಾಜಿನಗರದ ಕಾಲೇಜೊಂದರಲ್ಲಿ ಪ್ರವೇಶ ದೊರೆತಿದೆ, ಉಳಿಯಲು ಸ್ಥಳವಿಲ್ಲ. "ಅಣ್ಣಯ್ಯ, ನಿಮ್ಮ ಮಹಡಿ ಮೇಲಿನ ಕೋಣೆಯಲ್ಲಿ ಒಂದು ಮೂಲೆ ಸಾಕು. ಅವನು ಯಾರಿಗೂ ತೊಂದರೆ ಕೊಡುವವನಲ್ಲ" ಎಂದಳು.

ನಾವು ಕೊಟ್ಟ ಉತ್ತರವನ್ನು ಮರೆಮಾಚದೆ ಇಲ್ಲಿ ಬರೆಯುತ್ತೇವೆ. "ನೀರಿನ ತಾಪತ್ರಯ ಬಹಳ ಇದೆ ತಂಗಿ. ಕೋಣೆಯಲ್ಲಿ ಸಾಮಾನು ತುಂಬಿದೆ. ನಮಗೂ ವಯಸ್ಸಾಯಿತು, ನೋಡವ್ವ" ಎಂದೆವು. "ಆಗಲಿ ಅಣ್ಣಯ್ಯ" ಎಂದು ಅವಳು ಊಟ ಮಾಡಿ, ನಮ್ಮ ಮನೆಯವರಿಗೆ ಎಲೆ ಅಡಿಕೆ ಕೊಟ್ಟು ಪಡೆದು ಹೊರಟಳು. ಚೀಲವನ್ನು ಹಿಂದಕ್ಕೆ ಒಯ್ಯಲಿಲ್ಲ. ಇಲ್ಲವೆಂದವರ ಮನೆಯಲ್ಲಿ ಐದು ಸೇರು ಹಿಟ್ಟನ್ನು ಇಟ್ಟು ಹೋದಳು.

ಅಂದು ಸಂಜೆ ನಾವು ಮಹಡಿ ಹತ್ತಿ ಆ ಕೋಣೆಯ ಬಾಗಿಲು ತೆರೆದೆವು. ಒಳಗೇನಿತ್ತು? ಹದಿನಾಲ್ಕು ಖಾಲಿ ಎಣ್ಣೆ ಡಬ್ಬಗಳು. ಗೋಣಿಚೀಲಗಳ ಒಂದು ಕಟ್ಟು. ಹುರಿ, ಹಗ್ಗ, ತುಂಡು ತಂತಿ. ನೀರು ಹಿಡಿಯುವ ಮೂರು ನೀಲಿ ಡ್ರಮ್ಮುಗಳು, ಅವುಗಳಲ್ಲಿ ಒಂದು ಸೀಳಿದ್ದು. ಕೈ ಮುರಿದ ಕುರ್ಚಿಗಳು, ಎಂದೋ ಒಂದು ದಿನ ರಿಪೇರಿ ಮಾಡಿಸೋಣವೆಂದು ಇಟ್ಟವು. ಒಂದು ಪುಟ ಮಾತ್ರ ಬಳಸಿದ ಪರೀಕ್ಷಾ ಕಾಗದಗಳು, ಆಳೆತ್ತರ. ಬಾಟಲಿಗಳ ಮುಚ್ಚಳಗಳು, ಬಾಟಲಿಗಳಿಲ್ಲದೆ. ಈ ಮುಚ್ಚಳಗಳನ್ನು ಏಕೆ ಇಟ್ಟೆವೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಇವುಗಳಿಗೆ ಸ್ಥಳವಿತ್ತು, ಹುಡುಗನಿಗಿರಲಿಲ್ಲ.

ಈ ಕೂಡಿಡುವ ಬುದ್ಧಿ ನಮಗೆ ಎಲ್ಲಿಂದ ಬಂತೆಂಬುದನ್ನು ನಾವು ಬಲ್ಲೆವು. 1972ರ ಬರಗಾಲದ ವರ್ಷದಲ್ಲಿ, ಹನ್ನೆರಡರ ಪ್ರಾಯದಲ್ಲಿ, ನಮ್ಮನ್ನು ತಂದೆಯವರು ಮಠದ ಪ್ರಸಾದ ನಿಲಯಕ್ಕೆ ಸೇರಿಸಿದರು. ಸೇರಿಸಿದ್ದು ವಿದ್ಯೆಗೆಂದು ಈಗ ಹೇಳುತ್ತೇವೆ. ಅಂದು ಸೇರಿಸಿದ್ದು ಅನ್ನಕ್ಕೆ. ಮೊದಲ ರಾತ್ರಿ ಪಂಕ್ತಿಯಲ್ಲಿ ಒಂದು ಪೂರ್ತಿ ರಾಗಿ ಮುದ್ದೆ ತಟ್ಟೆಗೆ ಬಿತ್ತು. ಅರ್ಧ ಉಂಡು, ಉಳಿದರ್ಧವನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿ ತಂದು ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆವು. ಮರುದಿನವೂ ಹಾಗೆಯೇ. ನಾಲ್ಕನೆಯ ದಿನ ಪೆಟ್ಟಿಗೆ ನಾರತೊಡಗಿತು. ಇರುವೆಗಳು ಸಾಲುಗಟ್ಟಿ ಬಂದು ಗುಟ್ಟು ರಟ್ಟು ಮಾಡಿದವು. ಅಡುಗೆಯ ಮನೆಯನ್ನು ನೋಡಿಕೊಳ್ಳುತ್ತಿದ್ದ ವಯೋವೃದ್ಧ ಅಯ್ಯನವರು ಬಂದು ಪೆಟ್ಟಿಗೆಯನ್ನು ತೆಗೆಸಿದರು. ಪೆಟ್ಟು ಬೀಳುವುದೆಂದು ನಾವು ಕಣ್ಣು ಮುಚ್ಚಿಕೊಂಡೆವು. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಬೂಷ್ಟು ಹಿಡಿದ ಮುದ್ದೆಗಳನ್ನು ತೆಗೆದು ದನಗಳ ಕಡೆ ಹಾಕಿ, "ಮರಿ, ನಾಳೆಯೂ ಗಂಟೆ ಬಾರಿಸುತ್ತೇವೆ" ಎಂದಷ್ಟೇ ಹೇಳಿದರು.

ನಾವು ನಂಬಲಿಲ್ಲ. ಇನ್ನೂ ಕೆಲವು ವಾರ ಮುದ್ದೆಯನ್ನು ಅಡಗಿಸಿದೆವು. ಆದರೆ ಗಂಟೆ ಪ್ರತಿದಿನ ಅದೇ ಹೊತ್ತಿಗೆ ಬಾರಿಸಿತು. ಸಾರು ತೆಳ್ಳಗಾದ ದಿನಗಳಿದ್ದವು, ಮುದ್ದೆ ಚಿಕ್ಕದಾದ ದಿನಗಳಿದ್ದವು, ಗಂಟೆ ಬಾರಿಸದ ದಿನ ಬರಲಿಲ್ಲ. ಒಂದು ದಿನ ಪೆಟ್ಟಿಗೆಯಲ್ಲಿ ಏನೂ ಇಲ್ಲವೆಂಬುದನ್ನು ನಾವೇ ಗಮನಿಸಿದೆವು. ಅಡಗಿಸುವುದು ಎಂದು ನಿಂತಿತೆಂಬುದು ನೆನಪಾಗಲಿಲ್ಲ. ಉಪದೇಶ ಕೇಳಿ ಆದದ್ದಲ್ಲ ಅದು, ಗಂಟೆಯನ್ನು ಕೇಳಿ ಆದದ್ದು. ಅಷ್ಟನ್ನು ಮಠದಲ್ಲಿ ಪಡೆದವರು ನಾವು. ನಗರಕ್ಕೆ ಬಂದು, ಸಂಬಳ ಪಡೆದು, ಮನೆ ಕಟ್ಟಿ, ಮತ್ತೆ ತಗಡಿನ ಪೆಟ್ಟಿಗೆಯನ್ನೇ ಕಟ್ಟಿಕೊಂಡಿದ್ದೆವು. ಈ ಸಲ ಅದಕ್ಕೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ.

ನೀರಿನ ಮಾತು ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 2024ರ ಬೇಸಿಗೆ ಬೆಂಗಳೂರಿಗರಿಗೆ ಮರೆಯುವಂಥದಲ್ಲ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900ರಷ್ಟು ಬತ್ತಿಹೋಗಿವೆಯೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತು. ನಮ್ಮ ಬೀದಿಯಲ್ಲಿ ಟ್ಯಾಂಕರಿನ ಸದ್ದು ಕೇಳಿದರೆ ಪೂಜೆಗೆ ಕುಳಿತವರೂ ಎದ್ದು ಬರುತ್ತಿದ್ದರು. ಈ ಊರಿನ ಬಾಯಾರಿಕೆಗೆ ಉದ್ದವಾದ ಇತಿಹಾಸವಿದೆ: 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ತಂದರು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ತಂದರು, 1974ರಲ್ಲಿ ನೂರು ಕಿಲೋಮೀಟರಿನಾಚೆಯ ಕಾವೇರಿಯನ್ನೇ ಏರಿಸಿ ತಂದರು. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಗೊಂಡಿತು. ನಗರದ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್. ಇಷ್ಟೆಲ್ಲ ತಂದರೂ ನಮ್ಮ ಬಾಯಿಂದ ಮೊದಲು ಹೊರಡುವ ಮಾತು "ಸಾಲದು" ಎಂಬುದೇ.

ಹಾಗಾದರೆ ಸಾಲದೆಂಬುದು ನಮ್ಮ ಮನೆಯ ಮಟ್ಟಿಗೆ ನಿಜವೇ? ಈ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ತಂಗಿ ಹೋದ ಮೇಲೆ. ಹಳೆಯ ಪರೀಕ್ಷಾ ಕಾಗದವೊಂದರ ಹಿಂಬದಿಯಲ್ಲಿ ಲೆಕ್ಕ ಬರೆದೆವು (ಕೂಡಿಟ್ಟ ಕಾಗದಕ್ಕೆ ಕಡೆಗೂ ಒಂದು ಉಪಯೋಗವಾಯಿತು). ನಗರವಾಸಿ ಒಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರದ ಮಾನದಂಡ. ಇಬ್ಬರಿಗೆ 270, ಹುಡುಗ ಸೇರಿದರೆ 405. ಆ ಬೇಸಿಗೆಯಲ್ಲಿ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬಂದದ್ದೂ ಉಂಟು. ನಾಲ್ಕು ದಿನಕ್ಕೆ 1,620 ಲೀಟರ್. ನಮ್ಮ ಸಂಪಿನ ಅಳತೆ 6,000 ಲೀಟರ್. ಅರ್ಧ ತುಂಬಿದರೂ ಮೂರು ಸಾವಿರ. ಟ್ಯಾಂಕರಿಗಾಗಿ ಬೀದಿಗೆ ಓಡಿದ ನಾವು ಆ ಬೇಸಿಗೆಯಲ್ಲಿ ಒಂದು ದಿನವೂ ಸಂಪಿನ ತಳ ಕಂಡವರಲ್ಲ. ಇಡೀ ಬೇಸಿಗೆ ನಾವು ಭಯಪಟ್ಟೆವು, ಒಮ್ಮೆಯೂ ಲೆಕ್ಕ ಹಾಕಲಿಲ್ಲ.

ಬಡತನವೆಂಬುದು ಕೈಯಲ್ಲಿ ಮಾತ್ರ ಇರುವುದಲ್ಲ, ಬುದ್ಧಿಯಲ್ಲಿಯೂ ಕೂರುತ್ತದೆ ಎಂಬುದನ್ನು ಈಚೆಗೆ ವಿದ್ವಾಂಸರು ಅಳೆದು ನೋಡಿದ್ದಾರೆ. ನೆರೆಯ ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲೊಮ್ಮೆ, ಕಟಾವಿನ ಹಣ ಕೈಸೇರಿದ ಮೇಲೊಮ್ಮೆ ಬುದ್ಧಿಪರೀಕ್ಷೆಗೆ ಒಳಪಡಿಸಿದರು. ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಮೊದಲಾದವರು 2013ರಲ್ಲಿ ಪ್ರಕಟಿಸಿದ ಆ ಅಧ್ಯಯನದ ಪ್ರಕಾರ, ಅದೇ ರೈತ, ಹಣವಿಲ್ಲದ ದಿನಗಳಲ್ಲಿ ಕಡಮೆ ಅಂಕ ಪಡೆದ. ಹಣ ಬಂದ ಮೇಲೆ ಹೆಚ್ಚು ಪಡೆದ. ಕೊರತೆಯ ಚಿಂತೆ ಮನಸ್ಸಿನ ಬಹುಭಾಗವನ್ನು ಆಕ್ರಮಿಸಿ, ಉಳಿದ ವಿಚಾರಗಳಿಗೆ ಜಾಗ ಬಿಡುವುದಿಲ್ಲವೆಂಬುದು ಅವರ ನಿಲುವು. ಇದನ್ನು ಓದಿದಾಗ ನಮಗೆ ನಮ್ಮ ಮಹಡಿಯ ಕೋಣೆಯೇ ಕಣ್ಣಿಗೆ ಕಟ್ಟಿತು.

ಇಲ್ಲೊಂದು ಮಾತನ್ನು ಆಡದೆ ಮುಂದುವರಿಯಲಾರೆವು. ಸ್ಟೀಫನ್ ಕೋವಿ ಎಂಬ ಅಮೆರಿಕದ ಲೇಖಕರು 1989ರ ತಮ್ಮ ಗ್ರಂಥದಲ್ಲಿ ಸಮೃದ್ಧಿಯ ಮನೋಭಾವವೆಂಬ ಮಾತನ್ನು ಬಳಸಿದ ಮೇಲೆ, ನಮ್ಮ ಊರಿನ ಸಭಾಭವನಗಳಲ್ಲಿಯೂ ಅದನ್ನು ಶುಲ್ಕ ಪಡೆದು ಬೋಧಿಸುವವರು ಹೆಚ್ಚಿದ್ದಾರೆ. ಸಮೃದ್ಧಿಯನ್ನು ಭಾವಿಸಿಕೊಂಡರೆ ಸಂಪತ್ತು ತಾನಾಗಿ ಹರಿದು ಬರುವುದಂತೆ. ಕಟಾವಿಗೆ ಮುಂಚಿನ ರೈತನ ಮುಂದೆ ನಿಂತು ಈ ಮಾತನ್ನು ಹೇಳುವ ಧೈರ್ಯ ಯಾರಿಗಿದೆ? ಹಸಿದವನಿಗೆ ಭಾವನೆಯನ್ನು ಬದಲಿಸಿಕೊ ಎನ್ನುವುದು ಕ್ರೌರ್ಯ. ಹೊಟ್ಟೆ ತುಂಬಿಯೂ ಹಸಿದಂತೆ ಬದುಕುವ ನಮ್ಮಂಥವರಿಗೆ ಮಾತ್ರ ಅದು ಸಲ್ಲುತ್ತದೆ. ಸಲ್ಲುವುದಾದರೂ ಸಂಪತ್ತು ಬರಲೆಂದಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದನ್ನು ನಮಗಿಂತ ಚೆನ್ನಾಗಿ ಅರಿತ ದಂಪತಿಗಳಿದ್ದರು. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಹಿಂದಿರುಗಿ ಸುರಿದು ಬಂದ. ಅದೇ ಲಕ್ಕಮ್ಮ ಮುಂದೆ, ನಿತ್ಯದ ಆ ಹಿಡಿ ಅಕ್ಕಿಯಿಂದಲೇ, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂಬುದು ಪರಂಪರೆಯ ಕಥೆ.

ಬಾಲ್ಯದಲ್ಲಿ ಈ ಕಥೆಯನ್ನು ನಾವು ಪವಾಡವೆಂದು ಕೇಳಿದ್ದೆವು. ಅಧ್ಯಾಪನದ ದಿನಗಳಲ್ಲಿ ಅಪರಿಗ್ರಹದ ದೃಷ್ಟಾಂತವೆಂದು ಪಾಠ ಹೇಳಿದೆವು. ಈ ವಯಸ್ಸಿನಲ್ಲಿ ಅದರ ಎರಡು ಭಾಗಗಳು ಒಂದಕ್ಕೊಂದು ಏಕೆ ಅಂಟಿಕೊಂಡಿವೆ ಎಂಬುದು ತಿಳಿಯುತ್ತಿದೆ. ಹೆಚ್ಚಿನ ಅಕ್ಕಿಯನ್ನು ಬೇಡವೆಂದವಳೇ ಎಲ್ಲರನ್ನೂ ಊಟಕ್ಕೆ ಕರೆಯಬಲ್ಲಳು. ನಾಳೆಗೆಂದು ಒಂದು ಸೇರು ಒಳಗಿಟ್ಟ ಮನೆ, ಬಂದ ಅತಿಥಿಯನ್ನು ಆ ಸೇರಿನ ಶತ್ರುವೆಂದೇ ನೋಡುತ್ತದೆ. ನಮ್ಮ ಬಡಾವಣೆ ಯಾವ ಸಾಮ್ರಾಜ್ಯದ ಹೆಸರು ಹೊತ್ತಿದೆಯೋ ಆ ವಿಜಯನಗರದ ಬೀದಿಗಳಲ್ಲಿ ವಜ್ರ, ಮಾಣಿಕ್ಯ, ಮುತ್ತುಗಳು ಮಾರಾಟಕ್ಕಿದ್ದುದನ್ನು ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಯಸ್ ಬರೆದಿಟ್ಟಿದ್ದಾನೆ. ಶಾಲೆಯ ಮಕ್ಕಳೆಲ್ಲ ಅದನ್ನು ಬಲ್ಲರು. ಅದೇ ಸಾಮ್ರಾಜ್ಯದಲ್ಲಿ, ಪ್ರೌಢದೇವರಾಯನ ಆಳಿಕೆಯ ಸುಮಾರಿನಲ್ಲಿ, ಲಕ್ಕಣ್ಣ ದಂಡೇಶ, ಚಾಮರಸ ಮೊದಲಾದವರು ಶರಣರ ಚರಿತ್ರೆ ತತ್ತ್ವಗಳನ್ನು ಬರೆದರು. ವಚನಗಳನ್ನು ಹುಡುಕಿ ಕಲೆಹಾಕುವ ಕಾರ್ಯ ನಡೆಯಿತು. ಅದೇ ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಒಂದು ಮಹಾಸಂಕಲನ ಮಾಡಿ ಅದಕ್ಕೆ ಶೂನ್ಯಸಂಪಾದನೆ ಎಂದು ಹೆಸರಿಟ್ಟ. ಮಾಣಿಕ್ಯದ ಅಂಗಡಿಗಳ ಕಾಲದಲ್ಲಿ ಶೂನ್ಯವನ್ನು ಸಂಪಾದಿಸುವ ಮಾತು!

ಮರುವಾರ ಸೋಮವಾರ ನಮಗೆ ಮೆಜೆಸ್ಟಿಕ್ಕಿನ ಕಡೆ ಕೆಲಸವಿತ್ತು. ಬೆಳಗ್ಗೆ ಮನೆಯಿಂದ ಹೊರಟು ಮೆಟ್ರೊ ನಿಲ್ದಾಣದ ಕಡೆ ನಡೆದೆವು. ನಿಲ್ದಾಣದ ಸಮೀಪ ನೆಲದಡಿಯ ಹವಾನಿಯಂತ್ರಿತ ಮಾರುಕಟ್ಟೆ ಆಗಿನ್ನೂ ತೆರೆದಿರಲಿಲ್ಲ. ಕೃಷ್ಣದೇವರಾಯನ ಹೆಸರಿನ ಆ ಪಾಲಿಕೆ ಬಜಾರ್ ಉದ್ಘಾಟನೆಯಾದದ್ದು ಆ ವರ್ಷದ ಆಗಸ್ಟಿನಲ್ಲಿ. ಹೊರಗಡೆ ಪಾದಚಾರಿ ದಾರಿಯಲ್ಲಿ ಸೊಪ್ಪು ಮಾರುವ ಮುದುಕಿಯೊಬ್ಬಳು ಕಟ್ಟು ಎಣಿಸಿ ಕೊಟ್ಟ ಮೇಲೆ ಇನ್ನೊಂದು ಹಿಡಿ ಕೊತ್ತಂಬರಿಯನ್ನು ಸೇರಿಸಿ ಕೊಡುತ್ತಿದ್ದಳು. ಇದನ್ನು ನಮ್ಮ ಕಡೆ ಕೊಸರು ಎನ್ನುತ್ತಾರೆ. ಅಳತೆ ಮುಗಿದ ಮೇಲೆ ಬರುವ ಆ ಹಿಡಿಯನ್ನು ದಿನಾಲೂ ಪಡೆದವರು ನಾವು. ಅವಳ ಇಡೀ ದಿನದ ಲಾಭ ನಮ್ಮ ಒಂದು ಎಣ್ಣೆ ಡಬ್ಬದ ಬೆಲೆಯಾಗುತ್ತದೋ ಇಲ್ಲವೋ.

ವಿಜಯನಗರದಿಂದ ಮೆಜೆಸ್ಟಿಕ್ಕಿಗೆ ನಾಲ್ಕೇ ನಿಲ್ದಾಣ. 2016ರ ಏಪ್ರಿಲಿನಲ್ಲಿ ಈ ಮಾರ್ಗ ತೆರೆಯುವ ಮುನ್ನ ಮಾಗಡಿ ರಸ್ತೆಯ ಬಸ್ಸುಗಳಲ್ಲಿ ಒಂದು ಗಂಟೆ ಜೋತುಬಿದ್ದು ಹೋಗುತ್ತಿದ್ದೆವು. ಹೊಸಹಳ್ಳಿ ದಾಟಿ, ಮಾಗಡಿ ರಸ್ತೆಯ ನಿಲ್ದಾಣ ಕಳೆದ ಮೇಲೆ ರೈಲು ನೆಲದೊಳಕ್ಕೆ ಇಳಿಯುತ್ತದೆ. ಇಳಿಯುವ ಮುನ್ನ ಕಿಟಕಿಯಿಂದ ಮನೆಗಳ ತಾರಸಿಗಳೆಲ್ಲ ಕಾಣುತ್ತವೆ. ಅಂದು ನಾವು ಅವನ್ನೇ ನೋಡುತ್ತ ಕುಳಿತೆವು. ಒಂದೊಂದು ತಾರಸಿಯ ಮೇಲೂ ಕಪ್ಪು ನೀರಿನ ತೊಟ್ಟಿ, ಅದರ ಪಕ್ಕದಲ್ಲಿ ಮುರಿದ ಮಂಚ, ತಗಡು, ಹಳೆಯ ಕಮೋಡು, ಟೈರು. ನಮ್ಮ ಕೋಣೆಗೆ ಛಾವಣಿಯಿತ್ತು, ಇವುಗಳಿಗೆ ಇರಲಿಲ್ಲ, ವ್ಯತ್ಯಾಸ ಅಷ್ಟೇ.

ಮೆಜೆಸ್ಟಿಕ್ಕಿನಲ್ಲಿ ಮೇಲೆ ಬಂದು ಕೆಲಸ ಮುಗಿಸಿ, ರೈಲ್ವೆ ನಿಲ್ದಾಣದ ಎದುರಿನ ರಸ್ತೆಯಲ್ಲಿ ನಡೆಯುವಾಗ ಗುಬ್ಬಿ ತೋಟದಪ್ಪನವರ ಛತ್ರದ ಮುಂದೆ ನಿಂತೆವು. ಸಾವಿರ ಸಲ ಹಾದುಹೋದ ಕಟ್ಟಡ. ನಮ್ಮ ತಂಗಿಯೂ ಹೋದ ವಾರ ಸಂಜೆ ಊರಿನ ರೈಲು ಹಿಡಿಯಲು ಈ ಛತ್ರದ ಮುಂದೆಯೇ ಹಾದುಹೋಗಿರಬೇಕೆಂಬುದು ಅಂದು ಹೊಳೆಯಿತು.

ತೋಟದಪ್ಪನವರು 1838ರಲ್ಲಿ ಗುಬ್ಬಿಯ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದವರು. ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಹೂಡಿ ಬೆಳೆದರು. ಅವರು ನಲವತ್ತರ ಹತ್ತಿರವಿದ್ದಾಗ ಧಾತು, ಈಶ್ವರ ಸಂವತ್ಸರಗಳ ಮಹಾಬರ ಬಂತು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಐವರಲ್ಲಿ ಒಬ್ಬರೆಂಬ ಲೆಕ್ಕ. ಅದನ್ನು ಕಣ್ಣಾರೆ ಕಂಡ ತಲೆಮಾರಿನ ವರ್ತಕ ಉಳಿದ ಆಯುಷ್ಯವೆಲ್ಲ ಹಗೇವು ತುಂಬಿಸುತ್ತ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ತೋಟದಪ್ಪನವರು ಮಾಡಿದ್ದು ಬೇರೆ. ಮಕ್ಕಳಿಲ್ಲದ ಅವರು ತಮ್ಮ ಸಂಪತ್ತನ್ನು ಸಾರ್ವಜನಿಕರಿಗೆಂದು ವಿನಿಯೋಗಿಸಲು ನಿಶ್ಚಯಿಸಿ, 1897ರಲ್ಲಿ ರೈಲ್ವೆ ನಿಲ್ದಾಣದ ಸಮೀಪ ಎರಡೂವರೆ ಎಕರೆ ನೆಲವನ್ನು ಕೊಂಡರು. ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಜನ ಊರು ಬಿಟ್ಟು ಓಡಿದರು. ಕಟ್ಟಡದ ಆಲೋಚನೆ ಮಾತ್ರ ನಿಲ್ಲಲಿಲ್ಲ. 1903ರ ಫೆಬ್ರವರಿ 11ರಂದು ಮಹಾರಾಜ ಕೃಷ್ಣರಾಜ ಒಡೆಯರು ಛತ್ರವನ್ನು ಉದ್ಘಾಟಿಸಿದರು. ಪ್ರವಾಸಿಗರಿಗೆ ಜಾತಿಭೇದವಿಲ್ಲದೆ ತಂಗುದಾಣ. ಜೊತೆಗೆ ಹಳ್ಳಿಗಳಿಂದ ಬಂದ ಬಡ ಲಿಂಗಾಯತ ಹುಡುಗರ ಓದಿಗೆ ವಿದ್ಯಾರ್ಥಿನಿಲಯ. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾಗುವ ಮುನ್ನ ಆ ಧರ್ಮಸಂಸ್ಥೆಯನ್ನು ಕೆ. ಪಿ. ಪುಟ್ಟಣ್ಣಶೆಟ್ಟರಂಥ ಸಮರ್ಥರ ಕೈಗೆ ಒಪ್ಪಿಸಿದರು. ಪುರಭವನಕ್ಕೆ ಯಾರ ಹೆಸರಿದೆಯೋ ಅವರೇ ಈ ಪುಟ್ಟಣ್ಣಶೆಟ್ಟರು.

ಇಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ದಾನದ ಗಾತ್ರವಲ್ಲ. ಆ ಕಾಲದಲ್ಲಿ ಇನ್ನೂ ದೊಡ್ಡ ದಾನಿಗಳಿದ್ದರು. ಉತ್ತರದ ಶಿರಸಂಗಿಯ ಲಿಂಗರಾಜ ದೇಸಾಯಿಯವರು, 1904ರ ವೀರಶೈವ ಮಹಾಸಭೆಯ ಮೊದಲ ಅಧ್ಯಕ್ಷರು, ತಮ್ಮ ಸಂಸ್ಥಾನವನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ತೋಟದಪ್ಪನವರ ವಿಶೇಷವಿರುವುದು ಅವರು ಆಯ್ದುಕೊಂಡ ಸ್ಥಳದಲ್ಲಿ. ರೈಲ್ವೆ ನಿಲ್ದಾಣದ ಬಾಗಿಲು! ಊರಿಂದ ಬಂದವನ ಮೊದಲ ಭಯ ಹುಟ್ಟುವ ಜಾಗವದು: ಈ ಮಹಾನಗರದಲ್ಲಿ ಇಂದು ರಾತ್ರಿ ಎಲ್ಲಿ ಮಲಗಲಿ? ಆ ಪ್ರಶ್ನೆ ಬಾಯಿಗೆ ಬರುವ ಮುನ್ನವೇ ಉತ್ತರ ಕಣ್ಣಿಗೆ ಕಾಣಬೇಕೆಂದು ಯೋಚಿಸಿದ ವರ್ತಕನ ಬುದ್ಧಿಗೆ ನಾವು ತಲೆಬಾಗಿದೆವು. ಮಠದ ಗಂಟೆಯ ಹಾಗೆಯೇ ಅದು.

ಸಿದ್ಧಗಂಗೆಯನ್ನು ನೆನೆಯದೆ ಈ ಮಾತು ಪೂರ್ತಿಯಾಗದು. 1941ರಲ್ಲಿ ಉದ್ದಾನ ಶಿವಯೋಗಿಗಳ ನಂತರ ಮಠದ ಹೊಣೆ ಹೊತ್ತ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ, ಎಲ್ಲ ಜಾತಿಯವರಿಗೆ, ಅನ್ನ, ಆಶ್ರಯ, ಅಕ್ಷರ ನೀಡಿದರು. ಆರಂಭದ ವರ್ಷಗಳಲ್ಲಿ ಹಳ್ಳಿಹಳ್ಳಿ ತಿರುಗಿ ಧಾನ್ಯ ಭಿಕ್ಷೆ ತಂದರು. ಮಕ್ಕಳು ಮೊದಲು ಬರುತ್ತಿದ್ದರು, ಧಾನ್ಯ ಆಮೇಲೆ ಬರುತ್ತಿತ್ತು ಎಂದು ಹಿರಿಯರು ಹೇಳುವುದನ್ನು ನಾವು ಕೇಳಿದ್ದೇವೆ. ನಮ್ಮಂಥ ಗೃಹಸ್ಥರ ಕ್ರಮ ತಿರುಗುಮುರುಗು: ಮೊದಲು ಧಾನ್ಯ ತುಂಬಲಿ, ಮನಸ್ಸಿಗೆ ಧೈರ್ಯ ಬರಲಿ, ಅನಂತರ ನೋಡೋಣ. ಧಾನ್ಯ ತುಂಬುತ್ತದೆ, ಧೈರ್ಯ ಬರುವುದಿಲ್ಲ.

ಮನೆಗೆ ಬಂದು ಈ ವಿಚಾರಗಳನ್ನೆಲ್ಲ ಉತ್ಸಾಹದಿಂದ ನಮ್ಮ ಮನೆಯವರ ಮುಂದೆ ಬಿಡಿಸಿದೆವು. ಆಕೆ ಅವರೆಕಾಳು ಹಿಸುಕುತ್ತ ಎಲ್ಲವನ್ನೂ ಕೇಳಿ, ಕಡೆಗೆ ಹೇಳಿದ್ದು ಇಷ್ಟು: "ಲಕ್ಕಮ್ಮನ ಕಥೆಯನ್ನು ನೀವು ನಲವತ್ತು ವರ್ಷದಿಂದ ಹೇಳುತ್ತಿದ್ದೀರಿ. ಅಷ್ಟು ಜನಕ್ಕೆ ಅಡುಗೆ ಮಾಡಿದವಳು ಯಾರು, ಪಾತ್ರೆ ತೊಳೆದವಳು ಯಾರು ಎಂದು ಒಂದು ದಿನವಾದರೂ ಹೇಳಿದ್ದುಂಟೇ? ಹುಡುಗ ಬರಲಿ. ಬೇಡವೆಂದವರು ನೀವು, ನಾನಲ್ಲ. ಆದರೆ ನನ್ನ ಮಂಡಿ ನೋವಿನ ಮೇಲೆ ನಿಮ್ಮ ದಾಸೋಹ ನಡೆಯುವುದಾದರೆ ನನಗೊಪ್ಪಿಗೆಯಿಲ್ಲ."

ನಮಗೆ ಉತ್ತರ ತೋಚಲಿಲ್ಲ. ನೀರಿನ ಲೆಕ್ಕ ಹಾಕಿದವರು ಈ ಲೆಕ್ಕವನ್ನು ಹಾಕಿರಲಿಲ್ಲ. ನಿಜವಾದ ಕೊರತೆ ಮನೆಯಲ್ಲಿ ಇದ್ದುದಾದರೆ ಅದು ಸಂಪಿನಲ್ಲಿ ಇರಲಿಲ್ಲ, ಆಕೆಯ ಮಂಡಿಯಲ್ಲಿತ್ತು. ಅದನ್ನು ಉದಾರ ಮನಸ್ಸಿನಿಂದ ತುಂಬಲಾಗದು. ಆ ರಾತ್ರಿ ಕೂತು ಮಾತಾಡಿ ಒಂದು ಏರ್ಪಾಡಿಗೆ ಬಂದೆವು. ರಾತ್ರಿಯ ಮುದ್ದೆ ತೊಳಸುವುದು ಹುಡುಗ ಕಲಿಯಬೇಕು. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ನಮ್ಮ ಪಾಲು. ಅರವತ್ತು ದಾಟಿದ ಮೇಲೆ ಪಾತ್ರೆ ತಿಕ್ಕಲು ಕಲಿತೆವೆಂದು ನಮ್ಮ ಹಳೆಯ ಶಿಷ್ಯರು ಕೇಳಿದರೆ ನಗುವರು. ಮಠದಲ್ಲಿ ಇದನ್ನೇ ಪ್ರತಿದಿನ ಮಾಡುತ್ತಿದ್ದವರು ನಾವು, ಗೃಹಸ್ಥರಾದೊಡನೆ ಮರೆತಿದ್ದೆವು.

ಕೋಣೆಯನ್ನು ಬರಿದು ಮಾಡಲು ಮೂರು ದಿನ ಹಿಡಿಯಿತು. ಗುಜರಿಯವನು ಎಲ್ಲಕ್ಕೂ ಸೇರಿಸಿ 640 ರೂಪಾಯಿ ಕೊಟ್ಟ. ಮುಚ್ಚಳಗಳನ್ನು ಅವನೂ ಬೇಡವೆಂದ.

ಅನಂತರ ಊರಿಗೆ ದೂರವಾಣಿ ಮಾಡಿದೆವು. ತಂಗಿಯ ದನಿ ಮೆಲುವಾಗಿತ್ತು. "ಅಣ್ಣಯ್ಯ, ಆಗಲೇ ಬೇರೆ ಕಡೆ ಮಾಡಿಬಿಟ್ಟೆವು. ನಾಲ್ಕು ಜನ ಹುಡುಗರು ಸೇರಿ ಒಂದು ರೂಮು. ಮೂರು ತಿಂಗಳ ಬಾಡಿಗೆ ಮುಂಗಡ ಕೊಟ್ಟಾಯಿತು, ಬಿಟ್ಟರೆ ವಾಪಸು ಕೊಡುವುದಿಲ್ಲವಂತೆ" ಎಂದಳು. ಆ ಹಣವನ್ನು ಎಲ್ಲಿಂದ ತಂದಳೆಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಓಲೆಯನ್ನು ಅಡವಿಟ್ಟಿರುವುದಾಗಿ ಹೇಳಿದಳು. ನಮ್ಮ ಎಣ್ಣೆ ಡಬ್ಬಗಳಿಗಾಗಿ ಅವಳ ಕಿವಿ ಬರಿದಾಗಿತ್ತು. ಆ ಓಲೆಯನ್ನು ಬಿಡಿಸಿಕೊಡುವ ಹೊಣೆಯನ್ನು ನಾವು ಹೊತ್ತೆವು; ಅವಳು ಮೊದಲು ಒಪ್ಪಲಿಲ್ಲ, ನಮ್ಮ ಮನೆಯವರು ಮಾತಾಡಿದ ಮೇಲೆ ಒಪ್ಪಿದಳು. ಆದರೂ ಆ ದಿನ ಬಾಗಿಲಲ್ಲಿ ನಿಂತು "ಆಗಲಿ ಅಣ್ಣಯ್ಯ" ಎಂದ ದನಿಯನ್ನು ಹಣ ಕೊಟ್ಟು ಬಿಡಿಸಿಕೊಳ್ಳಲಾಗಿಲ್ಲ.

ಹುಡುಗ ಬಂದದ್ದು ಸೆಪ್ಟೆಂಬರಿನಲ್ಲಿ, ಗೌರಿ ಗಣೇಶ ಹಬ್ಬ ಊರಿನಲ್ಲಿ ಮುಗಿಸಿಕೊಂಡು. ಹಾಸಿಗೆ ಸುತ್ತಿ ಹೊತ್ತು ತಂದ. ತಾಯಿ ಕಳಿಸಿದ ರಾಗಿ ಹಿಟ್ಟಿನ ಚೀಲ ಜೊತೆಯಲ್ಲಿತ್ತು. ಮಾತು ಕಡಮೆ. ಮೊದಲ ದಿನಗಳಲ್ಲಿ ಅವನು ಸ್ನಾನಕ್ಕೆ ಒಂದೇ ಬಕೆಟ್ಟು ನೀರು ಬಳಸುತ್ತಿದ್ದುದನ್ನೂ, ಬಡಿಸಿದ್ದಕ್ಕಿಂತ ಒಂದು ತುತ್ತು ಹೆಚ್ಚು ಕೇಳದಿದ್ದುದನ್ನೂ ನಾವು ಕಂಡೆವು. ಮುದ್ದೆ ತೊಳಸುವುದನ್ನು ಎಂಟೇ ದಿನದಲ್ಲಿ ಕಲಿತ. ಈಗ ನಮ್ಮ ಮನೆಯವರಿಗಿಂತ ಅವನ ಮುದ್ದೆಯೇ ನುಣುಪು. ಇದನ್ನು ನಾವು ಗಟ್ಟಿಯಾಗಿ ಹೇಳುವುದಿಲ್ಲ.

ಬಂದ ಹದಿನೈದನೆಯ ದಿನವೋ ಏನೋ, ಅವನು ಕಾಲೇಜಿಗೆ ಹೋದಾಗ ನಮ್ಮ ಮನೆಯವರು ಹಾಸಿಗೆ ಬಿಸಿಲಿಗೆ ಹಾಕಲು ಮಹಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲಿಂದ ನಮ್ಮನ್ನು ಕರೆದರು. ಹೋಗಿ ನೋಡಿದರೆ, ಅವನ ಚೀಲದ ಅಡಿಯಲ್ಲಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟ ಮೂರು ಚಪಾತಿಗಳು. ಹಿಂದಿನ ರಾತ್ರಿ ನಾವೇ ಬಡಿಸಿದವು. ಇರುವೆಗಳಿನ್ನೂ ಬಂದಿರಲಿಲ್ಲ.

ತೆಗೆದು ಎಸೆಯಲೇ ಎಂದು ಆಕೆ ಕೇಳಿದರು. ಬೇಡ, ಇದ್ದ ಹಾಗೆಯೇ ಸುತ್ತಿ ಇಟ್ಟುಬಿಡು ಎಂದೆವು. ಅಂದು ರಾತ್ರಿ ಎಂಟು ಗಂಟೆಗೆ ಸರಿಯಾಗಿ, ಎಂದಿನಂತೆ, ಊಟಕ್ಕೆ ಬಾ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಅವನನ್ನು ಕೂಗಿದೆವು.